ಕೊಕ್ ಮತ್ತು ಖೋ

ಕನ್ನಡ ಪತ್ರಿಕೆ ಓದುವವರಿಗೆ ‘ಕೊಕ್’ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಂತ್ರಿಮಂಡಲ ಬದಲಾದರೆ ಹಳೆಯ ಸಚಿವರಿಗೆ ಕೊಕ್. ನಾಲ್ಕು ಪಂದ್ಯದಲ್ಲಿ ರನ್ ಬಾರದಿದ್ದರೆ ಆರಂಭಿಕ ಆಟಗಾರನಿಗೆ ಕೊಕ್. ನಮ್ಮಲ್ಲೂ ಅಷ್ಟೇ, ಜಮಾಅತ್ ಕಮಿಟಿಯ ವಾರ್ಷಿಕ ಸಭೆ ಮುಗಿದು ಹೊರಗೆ ಚಾ ಕುಡಿಯುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಈ ಸಲ ಅವರಿಗೆ ಕೊಕ್ ಅಂತೆ.” ಎರಡಕ್ಷರದ ಪದ. ತಲೆಬರಹಕ್ಕೆ ಚೆನ್ನಾಗಿ ಹೊಂದುತ್ತದೆ. ಕಿವಿಗೆ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ.

ಈ ಪದ ಬಂದದ್ದು ನಾವೆಲ್ಲ ಶಾಲೆಯಲ್ಲಿ ಆಡಿದ ಖೋ-ಖೋ ಆಟದಿಂದ. ಕೋಳಿಯ ಕೊಕ್ಕಿಗೂ ಮೀನಿನ ಕೊಕ್ಕೆಗೂ ಇದಕ್ಕೂ ಸಂಬಂಧವಿಲ್ಲ. ಪದದ ಜೊತೆ ಬರುವ ಕ್ರಿಯಾಪದವೇ ಸಾಕ್ಷಿ ಹೇಳುತ್ತದೆ. ಕೊಕ್ ‘ಹಾಕುವುದಿಲ್ಲ’, ‘ಮಾಡುವುದಿಲ್ಲ’. ಕೊಕ್ ‘ಕೊಡುತ್ತಾರೆ’, ಪತ್ರಿಕೆಯವರು ಸ್ವಲ್ಪ ಗಂಭೀರವಾಗಿ ‘ನೀಡುತ್ತಾರೆ’. ಆಟದಲ್ಲೂ ಖೋ ಕೊಡುವುದೇ. ಮಹಾಪ್ರಾಣ ನಮ್ಮ ನಾಲಿಗೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಖೋ-ಖೋ ಕೊಕ್ಕೊ ಆಯಿತು, ಕೊಕ್ಕೊ ಮೊಟಕಾಗಿ ಕೊಕ್ ಆಯಿತು. ಗೂಗ್ಲಿ, ಕ್ಲೀನ್ ಬೌಲ್ಡ್ ಎಂದು ಕ್ರಿಕೆಟಿನಿಂದ ಎಷ್ಟೋ ಪದಗಳು ಮಾತಿಗೆ ಬಂದಿವೆ. ಆದರೆ ಮಣ್ಣಿನ ಆಟದಿಂದ ಬಂದು ವಿಧಾನಸೌಧದವರೆಗೆ ಹೋದ ಪದ ಇದು.

ನಾನು ಈ ಪದದ ಬಗ್ಗೆ ಯೋಚಿಸಲು ಶುರು ಮಾಡಿದ್ದು ಊರಿನಿಂದ ಬಹಳ ದೂರದಲ್ಲಿ.

2012ರಿಂದ 2019ರವರೆಗೆ ನಾನು ಒಂದು ಪೈಪ್ ಕಂಪನಿಯ ಮಾರಾಟ ವಿಭಾಗದಲ್ಲಿದ್ದೆ. ಮನೆ ಮಾಡಿದ್ದು ಬಸವಕಲ್ಯಾಣದಲ್ಲಿ. ನನಗೆ ಕೊಟ್ಟ ಪ್ರದೇಶ ಗಡಿಯ ಆಚೆ, ಮಹಾರಾಷ್ಟ್ರದ ಮರಾಠವಾಡದಲ್ಲಿ: ಉಮರ್ಗಾ, ನಿಲಂಗಾ, ಉದಗೀರ್. ಉಮರ್ಗಾ ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ನಿಲಂಗಾ ಅದರ ಉತ್ತರಕ್ಕೆ. ಉದಗೀರ್ ಇನ್ನೂ ಮೇಲೆ, ಬೀದರ್‌ನಿಂದ ಭಾಲ್ಕಿ, ಕಮಲನಗರ ದಾಟಿ ಹೋಗುವ ರೈಲು ದಾರಿಯಲ್ಲಿ. ಕಪ್ಪು ಮಣ್ಣು, ತೊಗರಿ, ಸೋಯಾಬೀನ್. ತೆಂಗಿನ ಮರದ ನೆರಳಲ್ಲಿ ಬೆಳೆದವನಿಗೆ ಮೊದಲ ಬೇಸಿಗೆಯಲ್ಲಿ ಊರೇ ಬೆಂದುಹೋದ ಹಾಗೆ ಕಂಡಿತ್ತು. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದದ್ದು ನಿಮಗೆ ನೆನಪಿರಬಹುದು. ಆ ವರ್ಷ ನಾನು ಪೈಪ್ ಮಾರಲು ಹೋದರೆ ಅಂಗಡಿಯವರು ನಗುತ್ತಿದ್ದರು: ಪೈಪ್ ಉಂಟು, ಅದರೊಳಗೆ ಏನು ಹರಿಸುವುದು?

ಆ ಊರುಗಳಲ್ಲಿ ನನಗೆ ಪರಕೀಯತೆ ಕಾಡಲಿಲ್ಲ. ಅದಕ್ಕೆ ಕಾರಣ ಭಾಷೆ. ಉಮರ್ಗಾದ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ. ಒಂದೇ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ಮೂರೂ ಕೇಳುತ್ತದೆ. ಹೊರಗೆ ತುಳು, ಕನ್ನಡ, ಮನೆಯೊಳಗೆ ಬ್ಯಾರಿ ಮಾತಾಡಿ ಬೆಳೆದ ನಮಗೆ ಇದು ಹೊಸತೇನಲ್ಲ.

ಗಡಿಯ ಕಥೆಯೂ ನಮಗೆ ಹೊಸತಲ್ಲ. ನಿಲಂಗಾ ಮತ್ತು ಉದಗೀರ್ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ಅವು ಬೀದರನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಹೋದವು, ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. 1960ರಲ್ಲಿ ರಾಜ್ಯದ ಹೆಸರು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಮತ್ತೊಮ್ಮೆ ಜಾಗ ಬದಲು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, ಈಗ ಆ ಜಿಲ್ಲೆಗೆ ಧಾರಾಶಿವ್ ಎಂದು ಹೆಸರು. ಅದೇ 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಯಿಂದ ಎದ್ದು ಕೇರಳಕ್ಕೆ ಹೋಯಿತು. ನನ್ನ ಉಮ್ಮನ ತವರು ಉಪ್ಪಳ. ರಾತ್ರಿ ಬೆಳಗಾಗುವಷ್ಟರಲ್ಲಿ ನೆಂಟರು ಬೇರೆ ರಾಜ್ಯದವರಾದ ಕಥೆ ಕೇಳಿ ಬೆಳೆದವನು ನಾನು. ಉದಗೀರ್‌ನ ಮುದುಕರು “ನಮ್ ಜಿಲ್ಲಾ ಬೀದರ್ ಇತ್ರೀ” ಎಂದು ಹೇಳಿದಾಗ ನನಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಈಗ ಪದಕ್ಕೆ ಬರುತ್ತೇನೆ. ಉಮರ್ಗಾದ ಒಬ್ಬ ಅಂಗಡಿಯವರ ಬಳಿ ನಾನು ಹಳೆಯ ಬಾಕಿ ಕೇಳುತ್ತಿದ್ದೆ. ಅವರು ಒಬ್ಬ ರೈತರಿಗೆ ಬಿಲ್ ಬರೆಯುವುದರಲ್ಲಿದ್ದರು. ತಲೆ ಎತ್ತದೆ ಮರಾಠಿಯಲ್ಲಿ ಹೇಳಿದರು: “ಮಾಝ್ಯಾ ಕಾಮಾತ ಖೋ ಘಾಲೂ ನಕಾ.” ನನ್ನ ಕೆಲಸದಲ್ಲಿ ಖೋ ಹಾಕಬೇಡಿ. ಅಂದರೆ, ಅಡ್ಡಿ ಮಾಡಬೇಡಿ.

ನಾನು ಗಲಿಬಿಲಿಗೊಂಡೆ. ನನ್ನ ಕನ್ನಡದ ಕಿವಿಗೆ ಖೋ ಅಂದರೆ ಹೊರಗೆ ಹಾಕುವುದು. ಇವರನ್ನು ನಾನು ಎಲ್ಲಿಂದ ಹೊರಗೆ ಹಾಕುತ್ತಿದ್ದೇನೆ? ಆಮೇಲೆ ತಿಳಿಯಿತು, ಮರಾಠಿಯಲ್ಲಿ ‘ಖೋ ಘಾಲಣೆ’ ಎಂದರೆ ನಡೆಯುತ್ತಿರುವ ಕೆಲಸಕ್ಕೆ ತಡೆ ಒಡ್ಡುವುದು. ನಾವು ‘ಕೊಕ್ಕೆ ಹಾಕುವುದು’ ಅನ್ನುತ್ತೇವಲ್ಲ, ಸುಮಾರು ಅದೇ. ಇದರ ಮೇಲೆ ಹಿಂದಿಯದೊಂದು ಗೊಂದಲ. ಮರಾಠಿಯಲ್ಲಿ ‘ಖೋ ದಿಲಾ’ ಅಂದರೆ ಖೋ ಕೊಟ್ಟ. ಹಿಂದಿಯಲ್ಲಿ ‘ಖೋ ದಿಯಾ’ ಅಂದರೆ ಕಳೆದುಕೊಂಡ. ಹಿಂದಿಯ ಖೋ ಬೇರೆಯೇ ಧಾತು, ಆಟಕ್ಕೂ ಅದಕ್ಕೂ ನಂಟಿಲ್ಲ. ಆದರೆ ಉದಗೀರ್ ಸಂತೆಯಲ್ಲಿ ಮೂರು ಭಾಷೆ ಒಟ್ಟಿಗೆ ಹರಿಯುವಾಗ ‘ಕೊಟ್ಟ’ ಯಾವುದು, ‘ಕಳೆದುಕೊಂಡ’ ಯಾವುದು ಎಂದು ಕಿವಿ ನೆಟ್ಟಗೆ ಮಾಡಿ ಕೇಳಬೇಕು.

ಒಂದೇ ಆಟದ ಒಂದೇ ಕೂಗು ಗಡಿಯ ಈಚೆ ‘ಹೊರಹಾಕು’, ಆಚೆ ‘ಅಡ್ಡಿ ಮಾಡು’ ಆದದ್ದು ಹೇಗೆ? ಉತ್ತರಕ್ಕೆ ಆಟದ ಅಂಗಳಕ್ಕೇ ಹೋಗಬೇಕು.

ಖೋ-ಖೋ ಹಳೆಯ ಆಟ. ಅದಕ್ಕೆ ಕ್ರಮಬದ್ಧ ನಿಯಮ ಬಂದದ್ದು 1914ರಲ್ಲಿ, ಪುಣೆಯ ಡೆಕ್ಕನ್ ಜಿಮಖಾನಾದಿಂದ. ಎರಡು ಕಂಬಗಳ ನಡುವೆ ಒಂದು ಸಾಲಿನಲ್ಲಿ ಎಂಟು ಜನ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಒಬ್ಬರ ಮುಖ ಆ ಕಡೆಗಾದರೆ ಪಕ್ಕದವರ ಮುಖ ಈ ಕಡೆಗೆ. ಒಂಬತ್ತನೆಯವರು ಅಟ್ಟಿಸಿಕೊಂಡು ಓಡುವವರು. ಎದುರು ತಂಡದ ಮೂವರು ತಪ್ಪಿಸಿಕೊಂಡು ಓಡುತ್ತಾರೆ. ತಪ್ಪಿಸಿಕೊಳ್ಳುವವರು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವರಿಗೆ ಆ ಸ್ವಾತಂತ್ರ್ಯವಿಲ್ಲ. ನಡುಗೆರೆ ದಾಟುವಂತಿಲ್ಲ. ಒಂದು ದಿಕ್ಕು ಹಿಡಿದ ಮೇಲೆ ಕಂಬ ಸಿಗುವವರೆಗೆ ಹಿಂದಿರುಗುವಂತಿಲ್ಲ. ಹಾಗಾದರೆ ಆಚೆ ಬದಿಗೆ ನುಸುಳಿದವನನ್ನು ಹಿಡಿಯುವುದು ಹೇಗೆ? ಆಚೆಗೆ ಮುಖ ಮಾಡಿ ಕೂತವರ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು. ಅವರು ಎದ್ದು ಓಡುತ್ತಾರೆ. ಖೋ ಕೊಟ್ಟವರು ಅವರ ಜಾಗದಲ್ಲೇ ಕೂರುತ್ತಾರೆ.

ಈಗ ನೋಡಿ. ತಪ್ಪಿಸಿಕೊಂಡು ಓಡುವವನ ಕಣ್ಣಿಗೆ ಖೋ ಅಂದರೆ ಏನು? ದಾರಿ ಖಾಲಿ ಇದೆ ಎಂದುಕೊಂಡು ಬರುವಾಗ ಇದ್ದಕ್ಕಿದ್ದಂತೆ ಎದುರಿಗೆ ಎದ್ದ ಅಡ್ಡಿ. ಮರಾಠಿ ಆ ಕಣ್ಣಿನಿಂದ ನೋಡಿತು. ಕನ್ನಡ ನೋಡಿದ್ದು ಕೂತಿದ್ದವನನ್ನು. ಅವನನ್ನು ಬೆನ್ನು ತಟ್ಟಿ ಎಬ್ಬಿಸಿದರು, ಅವನ ಜಾಗದಲ್ಲಿ ಇನ್ನೊಬ್ಬ ಕೂತ. ಜಾಗ ಹೋಯಿತು, ಅಂದರೆ ಕೊಕ್. ಎರಡೂ ಸುಳ್ಳಲ್ಲ. ಆದರೆ ಎರಡೂ ಅರ್ಧ. ಎದ್ದವನು ಏನು ಮಾಡಿದ ಎನ್ನುವುದನ್ನು ನಮ್ಮ ಕೊಕ್ ಹೇಳುವುದೇ ಇಲ್ಲ. ಆಟದಲ್ಲಿ ಎದ್ದವನು ಮನೆಗೆ ಹೋಗುವುದಿಲ್ಲ. ಓಡುತ್ತಾನೆ. ಆ ಕ್ಷಣದಿಂದ ಇಡೀ ಆಟ ಅವನ ಕಾಲಲ್ಲಿದೆ.

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. 2019ರಲ್ಲಿ ನನಗೇ ಕೊಕ್ ಸಿಕ್ಕಿತು. ಕಂಪನಿಯವರು ನನ್ನ ಪ್ರದೇಶವನ್ನು ಬೇರೆಯವರಿಗೆ ಕೊಟ್ಟರು. ಸಂಬಳ ಕಡಿಮೆ ಸಾಕು ಎನ್ನುವ ಹುಡುಗ ಸಿಕ್ಕಿದ್ದ, ನಿಲಂಗಾದವನೇ. ಏಳು ವರ್ಷದ ಕೆಲಸ ಒಂದು ಇಮೇಲಿನಲ್ಲಿ ಮುಗಿಯಿತು. ಹೋಗುವ ಮೊದಲು ಅವನಿಗೆ ಅಂಗಡಿಗಳ ಪರಿಚಯ ಮಾಡಿಸಬೇಕೆಂದು ಹೇಳಿದ್ದರು. ಮೂರು ದಿನ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ಸುತ್ತಿದೆ. ಯಾರು ಸಮಯಕ್ಕೆ ಹಣ ಕೊಡುತ್ತಾರೆ, ಯಾರನ್ನು ಎರಡು ಸಲ ಕೇಳಬೇಕು, ಯಾರ ಮನೆಯಲ್ಲಿ ಕಾಯಿಲೆ ಇದೆ, ಎಲ್ಲ ಹೇಳಿದೆ.

ಊರಿಗೆ ಫೋನ್ ಮಾಡಿದಾಗ ಸ್ನೇಹಿತ ಕೇಳಿದ್ದು: “ಏನು ಮಾರಾಯ, ಕೊಕ್ ಕೊಟ್ರಾ?” ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ ಪದ ಹೊಟ್ಟೆಯೊಳಗೆ ಕೂತಿತು. ಮೂವತ್ತೆಂಟನೆಯ ವಯಸ್ಸು, ಎರಡು ಮಕ್ಕಳು, ಬಸವಕಲ್ಯಾಣದ ಮನೆ ಬಾಡಿಗೆ.

ಕೊನೆಯ ದಿನ ಉದಗೀರ್‌ನಲ್ಲಿ ಪಂಪು-ಪೈಪಿನ ಸಗಟು ವ್ಯಾಪಾರ ಮಾಡುವ ಹಿರಿಯರೊಬ್ಬರಿಗೆ ವಿಷಯ ತಿಳಿಸಿದೆ. ಹರೆಯದಲ್ಲಿ ತಾಲೂಕಿಗೆ ಖೋ-ಖೋ ಆಡಿದವರು ಅವರು, ಮೊಣಕಾಲಿನ ಗಾಯದ ಗುರುತನ್ನು ಪದಕದಂತೆ ತೋರಿಸುತ್ತಿದ್ದರು. ಹುಡುಗನನ್ನು ನೋಡಿದರು, ನನ್ನನ್ನು ನೋಡಿದರು. “ಖೋ ಮಿಳಾಲಾ. ಆತಾ ಪಳಾ” ಎಂದರು. ಖೋ ಸಿಕ್ಕಿತು, ಈಗ ಓಡಿ.

ಸಮಾಧಾನ ಹೇಳುವ ದನಿಯಲ್ಲಿ ಹೇಳಿದ್ದಲ್ಲ ಅದು. ಆಟಗಾರ ಆಟಗಾರನಿಗೆ ಹೇಳಿದ ಹಾಗೆ, ಅವಸರ ಮಾಡಿ ಹೇಳಿದ್ದು. ಆಮೇಲೆ ತಮ್ಮ ಡೈರಿಯಿಂದ ಸೋಲಾಪುರದ ಇಬ್ಬರು ದೊಡ್ಡ ವ್ಯಾಪಾರಿಗಳ ನಂಬರ್ ಬರೆದುಕೊಟ್ಟರು. ನಾನು ಊರಿಗೆ ಬಂದು ಬಿ.ಸಿ.ರೋಡ್ ಹತ್ತಿರ ಪೈಪಿನ ಸಣ್ಣ ಅಂಗಡಿ ಇಟ್ಟಾಗ ಮೊದಲ ಲೋಡ್ ಸಾಲದಲ್ಲಿ ಬಂದದ್ದು ಆ ನಂಬರಿನಿಂದ. ಅಂಗಡಿ ಈಗಲೂ ನಡೆಯುತ್ತಿದೆ, ಅಲ್‌ಹಮ್ದುಲಿಲ್ಲಾಹ್.

ಅಂಗಡಿಯಲ್ಲಿ ಕೂತು ಯೋಚಿಸಿದಾಗ ನಮ್ಮ ಬ್ಯಾರಿ ಮನೆಗಳ ಕಥೆಯೆಲ್ಲ ಖೋ-ಖೋ ಆಟದ ಹಾಗೆಯೇ ಕಾಣುತ್ತದೆ. ನಮ್ಮ ದೊಡ್ಡಪ್ಪ ಮೊದಲು ಬೊಂಬಾಯಿಗೆ ಹೋದರು, ಅಲ್ಲಿಂದ ದಮ್ಮಾಮ್‌ಗೆ. ಉಪ್ಪ ಜೀನಸಿನ ಅಂಗಡಿಯಲ್ಲಿ ಕೂತರು. ದೊಡ್ಡಪ್ಪ ವಾಪಸು ಬಂದು ಅದೇ ಅಂಗಡಿಯಲ್ಲಿ ಕೂತಾಗ ಉಪ್ಪ ವೀಸಾ ಹಿಡಿದು ಎದ್ದರು. ಆಮೇಲೆ ಚಿಕ್ಕಪ್ಪ. ಒಬ್ಬರು ಕೂತರೆ ಇನ್ನೊಬ್ಬರು ಓಡುವುದು. ಯಾರ ಮನೆಯಲ್ಲಿ ಈ ಕಥೆ ಇಲ್ಲ ಹೇಳಿ? ಕೂತವರನ್ನು ಯಾರೂ ಸೋತವರೆಂದು ಎಣಿಸಲಿಲ್ಲ. ಅವರು ಕೂತದ್ದರಿಂದಲೇ ಇನ್ನೊಬ್ಬರು ಓಡಲು ಸಾಧ್ಯವಾಯಿತು.

ನಮ್ಮ ಭಾಷೆಗೆ ಬೇರೆಯವರು ಇಟ್ಟ ಅಡ್ಡಹೆಸರು ‘ನಕ್ಕ್ ನಿಕ್ಕ್’. ನನಗೆ, ನಿನಗೆ. ತಮಾಷೆಗೆ ಇಟ್ಟ ಹೆಸರು, ಚಿಕ್ಕವನಿದ್ದಾಗ ಕೇಳಿ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಈಗ ನನಗೆ, ಆಮೇಲೆ ನಿನಗೆ. ಅಂಗಡಿಯೂ ವೀಸಾವೂ ನಮ್ಮ ಮನೆಗಳಲ್ಲಿ ಕೈ ಬದಲಿಸಿದ್ದು ಈ ಎರಡು ಮಾತುಗಳ ಮೇಲೆಯೇ.

ಆದರೆ ಈ ಆಟದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಹೇಳದಿದ್ದರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. ಸಾಲಿನಲ್ಲಿ ಎಂಟು ಜನ ಕೂತಿರುತ್ತಾರೆ. ಎಲ್ಲರಿಗೂ ಖೋ ಸಿಗಲೇಬೇಕೆಂಬ ನಿಯಮವಿಲ್ಲ. ಓಟ ನಾಲ್ಕೈದು ಜನರಲ್ಲೇ ಸುತ್ತಿ, ಉಳಿದವರು ಬೆರಳು ನೆಲಕ್ಕೂರಿ ಕಾದು ಕಾದು, ಒಮ್ಮೆಯೂ ಏಳದೆ ಸರದಿ ಮುಗಿಯಬಹುದು.

ನನ್ನ ತಂಗಿ ಹೈಸ್ಕೂಲಿನಲ್ಲಿ ಖೋ-ಖೋ ಆಡುತ್ತಿದ್ದಳು. ಒಂಬತ್ತನೆಯ ತರಗತಿಯಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿದ್ದಳು. ತಲೆಗೆ ಬಿಗಿಯಾಗಿ ಕಟ್ಟಿದ ಶಾಲು, ಬರಿಗಾಲು, ಕಂಬ ಸುತ್ತುವಾಗ ಒಂದು ಕೈ ನೆಲಕ್ಕೆ ತಾಗುವಷ್ಟು ಬಾಗುತ್ತಿದ್ದಳು. ಹತ್ತನೆಯ ತರಗತಿಯಾದ ಮೇಲೆ ಆಟ ನಿಂತಿತು. ಪಿಯುಸಿ ಆದ ಮೇಲೆ ಓದು ನಿಂತಿತು. ಯಾರೂ ಬೇಡ ಎಂದು ಹೇಳಲಿಲ್ಲ. ಜಗಳವಾಗಲಿಲ್ಲ, ಕಣ್ಣೀರೂ ಇಲ್ಲ. ಕಾಲೇಜಿನ ಅರ್ಜಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ, ಅಷ್ಟೇ. ಅವಳೂ ಕೇಳಲಿಲ್ಲ. “ನಾವೇನು ತಡೆದಿದ್ದೇವಾ?” ಎಂದು ಉಪ್ಪ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ಅದು ನಿಜವೇ. ತಡೆಯಲಿಲ್ಲ.

ಆದರೆ ಖೋ-ಖೋದಲ್ಲಿ ಕೂತವರು ತಾವಾಗಿ ಏಳುವಂತಿಲ್ಲ. ಖೋ ಸಿಗುವ ಮೊದಲು ಎದ್ದರೆ ಫೌಲ್. ಎಷ್ಟೇ ಓಟದವರಿರಲಿ, ಕಾಯಲೇಬೇಕು. ಹಾಗಾಗಿ ಹೊಣೆಯೆಲ್ಲ ಕೊಡುವವರ ಮೇಲೆ. ಅವರಿಗೂ ನಿಯಮವಿದೆ: ಮನಸ್ಸಿನಲ್ಲೇ ಕೊಟ್ಟರೆ ಸಾಲದು, ಕಣ್ಸನ್ನೆ ಸಾಲದು. ಬೆನ್ನು ಮುಟ್ಟಬೇಕು, ಗಟ್ಟಿಯಾಗಿ ‘ಖೋ’ ಎನ್ನಬೇಕು. ತಡೆಯದೇ ಇರುವುದು ಮತ್ತು ಖೋ ಕೊಡುವುದು ಒಂದೇ ಅಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೊಕ್ ಸಿಕ್ಕಿದ್ದಲ್ಲ, ಖೋ ಸಿಗದೇ ಹೋದದ್ದು.

ಉಮರ್ಗಾ ಇರುವ ಅದೇ ಧಾರಾಶಿವ್ ಜಿಲ್ಲೆಯ ಸಾರಿಕಾ ಕಾಳೆ 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ಮಹಿಳಾ ತಂಡದ ನಾಯಕಿ. ದಿನಕ್ಕೆ ಒಂದೇ ಹೊತ್ತಿನ ಊಟದಲ್ಲಿ ವರ್ಷಗಟ್ಟಲೆ ಕಳೆದ ಮನೆಯ ಹುಡುಗಿ. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಖೋ-ಖೋ ಆಟಕ್ಕೆ ಆ ಪ್ರಶಸ್ತಿ ಬಂದದ್ದು 22 ವರ್ಷಗಳ ನಂತರ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78–40ರಲ್ಲಿ ಸೋಲಿಸಿತು. ಆ ತಂಡದಲ್ಲಿ ಮೈಸೂರು ಜಿಲ್ಲೆ ತಿ.ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಈ ಹುಡುಗಿಯರೆಲ್ಲ ದೊಡ್ಡ ಮನೆಗಳವರಲ್ಲ. ಆದರೆ ಎಲ್ಲೋ ಒಬ್ಬರು ಅವರ ಬೆನ್ನು ಮುಟ್ಟಿ ಬಾಯಿಬಿಟ್ಟು ಹೇಳಿರಬೇಕು.

ಆ ಫೈನಲ್ ಅನ್ನು ನನ್ನ ತಂಗಿ ಮೊಬೈಲ್‌ನಲ್ಲಿ ನೋಡಿದಳು. ಪಕ್ಕದಲ್ಲಿ ಅವಳ ಮಗಳು. ಈಗ ಅವಳೂ ಒಂಬತ್ತನೆಯ ತರಗತಿ, ಶಾಲೆಯ ತಂಡದಲ್ಲಿದ್ದಾಳೆ. ಈ ವರ್ಷ ತಾಲೂಕು ತಂಡಕ್ಕೆ ಆಯ್ಕೆಯಾದಳು. ಹೊರಗಿನ ಊರಿನಲ್ಲಿ ಎರಡು ರಾತ್ರಿ ಉಳಿಯಬೇಕು, ಪೋಷಕರ ಒಪ್ಪಿಗೆ ಪತ್ರ ಬೇಕು. ಪತ್ರ ನಾಲ್ಕು ದಿನ ಫ್ರಿಜ್ಜಿನ ಮೇಲೆ ಇತ್ತು. ಭಾವ ದುಬೈಯಿಂದ ಫೋನಿನಲ್ಲಿ “ನೋಡುವ” ಎಂದರು. ಉಮ್ಮ “ಮಳೆ ಜೋರುಂಟು” ಎಂದರು. ಯಾರೂ ಬೇಡ ಎನ್ನಲಿಲ್ಲ. ಆ ಹುಡುಗಿಯೂ ಕೇಳಲಿಲ್ಲ, ಬ್ಯಾಗಿನಲ್ಲಿ ಬೂಟು ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳಂತೆ.

ಐದನೆಯ ದಿನ ತಂಗಿ ಪತ್ರ ತೆಗೆದುಕೊಂಡು ಎಲ್ಲರೂ ಊಟಕ್ಕೆ ಕೂತಿದ್ದಾಗ ಸಹಿ ಹಾಕಿದಳು. ಗಂಡನಿಗೆ ಮೆಸೇಜ್ ಹಾಕಿದಳು: ಹೋಗುತ್ತಾಳೆ, ನಾನು ಬಸ್ಸಿಗೆ ಬಿಡುತ್ತೇನೆ. ಆಮೇಲೆ ಮಗಳನ್ನು ಹೆಸರು ಹಿಡಿದು ಕರೆದು, ಅಡುಗೆಮನೆಯಲ್ಲಿದ್ದ ಉಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ “ನೀನು ಹೋಗು” ಎಂದಳು.

ತಂಡ ಎರಡನೆಯ ಸುತ್ತಿನಲ್ಲಿ ಸೋತು ಬಂತು. ಹುಡುಗಿ ಮೊಣಕಾಲು ಕೆತ್ತಿಸಿಕೊಂಡು ಬಂದಿದ್ದಾಳೆ. ಮುಂದಿನ ವರ್ಷ ಹತ್ತನೆಯ ತರಗತಿ.